ಆರನೆಯ ಗಣ

ಹಂಚಿನಾಳ ಸರ್ ಹಳಗನ್ನಡದ ಪಾಠಕ್ಕ
ಪುಸ್ತಕ ತರಂಗಿಲ್ಲ, ಗೈಡ್ ತರ್ತಾರ.
"ಪದ್ಯ ಬಿಡ್ರಿ, ಸಾರಾಂಶ ಬರಕೋರಿ,
ಹತ್ತು ಮಾರ್ಕಿಗೆ ಇಷ್ಟು ಸಾಕು."
ಅವರನ್ನ ನಾ ಬೈಯಂಗಿಲ್ಲ.
ಮೂರು ಕಾಲೇಜು, ಒಂದು ಹಳೇ ಬೈಕು,
ಏಳು ತಿಂಗಳ ಪಗಾರ ಬಾಕಿ.
ಬೋರ್ಡ್ ಒರಸೂ ಹೊತ್ತಿಗೇ
ಮುಂದಿನ ಕಾಲೇಜಿನ ಧೂಳು ಅವರ ಕಣ್ಣಾಗ.

ಒಮ್ಮೆ ಕೇಳಿದೆ: ಸರ್, ಈ ಅಕ್ಷರ ಯಾವುದು, ೞ?
ಕನ್ನಡಕ ತೆಗೆದು, ಒರಸಿ, ಮತ್ತ ಹಾಕ್ಕೊಂಡು
"ಅದು ಸತ್ತ ಅಕ್ಷರ. ಪರೀಕ್ಷಾಕ್ಕ ಬರಂಗಿಲ್ಲ" ಅಂದ್ರು.
ಅವತ್ತ ರಾತ್ರಿ ನೋಟಬುಕ್ಕಿನ ಹಿಂದಿನ ಹಾಳಿ ತುಂಬ
ಸತ್ತದ್ದನ್ನ ಬರದೆ,
ಅದರ ಬಾಲ ಸರಿಯಾಗಿ ತಿರುಗೂತನಕ.

ಫೆಬ್ರುವರಿ ಬಂದ್ರ ನಾನು ತಿಕೋಟಾದ ಮನೂಕ ಶೆಡ್ಡಿನಾಗ.
ಹಸಿರು ಪರದೆ, ಗಂಧಕದ ಘಾಟು,
ತಂತಿ ಬಲೆಯ ಹನ್ನೊಂದು ಅಂತಸ್ತು.
ತೊಟ್ಟು ಕೀಳೂದು, ಕರಿದು ಬ್ಯಾರೆ, ಹಳದಿ ಬ್ಯಾರೆ.
ಕೈಗೆ ಬಿಡುವಿಲ್ಲ, ತಲಿಗೆ ಕೆಲಸಿಲ್ಲ.
ಅದಕ್ಕ ಚೀಟಿಯೊಳಗ ಒಂದು ಕಂದಪದ್ಯ ಬರದು
ಓಢಣಿಯ ಚುಂಗಿಗೆ ಗಂಟು ಹಾಕಿ ತರ್ತೀನಿ.

ದಪ್ಪ ಮನೂಕ ಗುರು, ಎರಡು ಮಾತ್ರೆ.
ಸಣ್ಣದು ಲಘು, ಒಂದು.
ನಾಕು ಮಾತ್ರೆಗೊಂದು ಗುಂಪು;
ಮೊದಲ ಸಾಲಿಗೆ ಮೂರು, ಎರಡನೇದಕ್ಕ ಐದು.
ತಾಡಪತ್ರಿ ಮ್ಯಾಲ ಪದ್ಯ ಹಾಸಿ ಕುಂತಿದ್ದೆ.
ರಾಯಪ್ಪ ತೂಕದ ಕಾಟಾ ಬಿಟ್ಟು ಬಂದವನೇ
ಒಂದು ಗುರು ಎತ್ತಿ ಬಾಯಿಗೆ ಹಾಕ್ಕೊಂಡ.
ಛಂದಸ್ಸು ಕೆಟ್ಟಿತು.
ಪದ್ಯ ಭಾಳ ಸಿಹಿ ಅದ ಅಂದ.

ಊರ ಗ್ರಂಥಾಲಯದ ದೊಡ್ಡ ನಿಘಂಟಿನಾಗ
'ಪ' ಇರೂ ಸಂಪುಟ ಇಲ್ಲ.
ಒಯ್ದಾಂವ ತಂದಿಲ್ಲ, ನಾಕು ವರ್ಷಾತು;
ರಜಿಸ್ಟರಿನಾಗ ಅವನ ಸಹಿ ಮಾತ್ರ ಚಂದ ಅದ.
ಹಳಗನ್ನಡದಾಗ 'ಪ' ಹೋದ್ರ ಏನುಳೀತು?
ಹಾಲು, ಹೂವು, ಹಗಲು, ಹುಲಿ, ಹಸಿವು
ಎಲ್ಲಾ ಆ ಮನುಷ್ಯಾನ ಮನಿ ಕಪಾಟಿನಾಗ.

ಹಣ್ಣಿನ ಮಾತಿರೂ ಒಂದು ಸಾಲಿನ ನಡುವ
'ಪದ' ಅಂತಿತ್ತು.
ಗೈಡು ಅಂತದ: ಪದ ಎಂದರೆ ಶಬ್ದ.
ಶಬ್ದ ಹಾಕಿ ಓದಿದ್ರ ಸಾಲು ಕುಂಟತದ.
ಹಣ್ಣಿಗೆ ಯಾತರ ಶಬ್ದ?
ಒಂದು ವಾರ ಚುಂಗಿನಾಗೇ ಇತ್ತು, ಬೆವರಿಗೆ ಶಾಯಿ ಹರಡಿತು.
ಶನಿವಾರ ನೀಲಗಂಗವ್ವ ಬಲೆಯ ಮ್ಯಾಲಿಂದೊಂದು ಆರಿಸಿ
ಹೆಬ್ಬಟ್ಟಿಗೂ ಬೆರಳಿಗೂ ನಡುವ ಒತ್ತಿ ನೋಡಿ
"ಹದಕ್ಕ ಬಂದಾವು, ಇಳಸ್ರಿ" ಅಂದ್ಲು.

ಹದ.

ನನ್ನ ಕೈಯಾಗಿನ ಜರಡಿ ಜಾರಿ ಬಿತ್ತು.
ಎಂಟುನೂರು ವರ್ಷದ ಹಿಂದಿನ ಯಾರೋ ಒಬ್ಬಾಂವ
ಆಕಿ ಬಾಯಿಂದ ನನ್ನ ಕೂಡ ಮಾತಾಡಿದ್ದ.
ಪಗಾರದ ವಹಿಗೆ ಹೆಬ್ಬಟ್ಟು ಒತ್ತೂ ಆಕಿ
"ಯಾಕ ಯವ್ವಾ, ಚೇಳು ಕಡೀತೇನ?" ಅಂದ್ಲು.

ನಿಯಮ ಹಿಂಗದ: ಕಂದದ ಆರನೆಯ ಗಣದಾಗ
ನಡುವ ಗುರು ಇರಬೇಕು.
ಅದನ್ನ ಓದಿದ ರಾತ್ರಿ ಯಾಕೋ ಅಳು ಬಂತು.
ಹಾಳಿ ತಿರುವಿದ್ರ, ತೀರ ಕೆಳಗ, ಸಣ್ಣ ಅಚ್ಚಿನಾಗ:
ಇಲ್ಲವೇ ನಾಲ್ಕೂ ಲಘುಗಳೇ ಬರಬಹುದು.

ನಾಕು ಲಘು.
ಮರುದಿನ ಶೆಡ್ಡಿನಾಗ ಎಣಿಸಿದೆ, ನಗು ಬಂತು.
ಯಾರಿಗೂ ಹೇಳಲಿಲ್ಲ.

ಪರೀಕ್ಷಾದಾಗ 'ಪದ' ಅಂದ್ರ ಹದ ಅಂತ ಬರದೆ.
ಎರಡು ಮಾರ್ಕು ಹೋದುವು.
ಹಂಚಿನಾಳ ಸರ್‌ಗೆ ತೋರಿಸಿದೆ. ಭಾಳ ಹೊತ್ತು ನೋಡಿದ್ರು.
"ನಮ್ಮವ್ವನೂ ಹಿಂಗ ಅಂತಿದ್ಲು" ಅಂದ್ರು.
ಬೈಕಿಗೆ ಕಿಕ್ ಹೊಡದ್ರು. ಅದು ಒಮ್ಮಿಗೇ ಶುರು ಆಗಲಿಲ್ಲ.

ನಿನ್ನೆ ಸಂಜೀಕ ಶೆಡ್ಡಿನ ಕರೆಂಟು ಹೋತು.
ಕತ್ತಲಿ. ಈ ಶಬ್ದದ ಹೊಟ್ಟ್ಯಾಗ
ಆ ಸತ್ತ ಅಕ್ಷರ ಅದ: ಕೞ್ತಲೆ.
ನಾಲಿಗಿ ಎಲ್ಲಿ ಇಡಬೇಕು, ಎಷ್ಟು ಮಡಚಬೇಕು
ಹೇಳವರು ಯಾರೂ ಉಳದಿಲ್ಲ.
ಮ್ಯಾಲ ಇಟ್ಟೆ, ಹಿಂದಕ್ಕ ಸರಿಸಿದೆ, ಇನ್ನೂ ಹಿಂದಕ್ಕ,
ಗಂಟಲಿನ ಹತ್ತಿರ ಏನೋ ಒಂದು ಉಲೀತು.
ಬಲೆಗಳ ಆ ಕಡಿಂದ ಜೈತುನಬಿ ಕೇಳಿದ್ಲು:
"ಯಾರನ್ನ ಕರ್ಯಾಕತ್ತೀ?"